ಬೈಪೋಲಾರ್ ಕಾಯಿಲೆ: ಔಷಧ ಬದಲಿಸುವ ಮುನ್ನ

ಶೇಗಾಂವ: ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬಂದುಹೋಗುವ ಮನೋವ್ಯಾಧಿಯೇ ಬೈಪೋಲಾರ್ ಕಾಯಿಲೆ. ಕೈನಡುಕ, ಮಂಪರು, ತೂಕ ಹೆಚ್ಚಳದಿಂದ ಬೇಸತ್ತವರು ಬೇರೆ ಔಷಧ ಕೇಳುವುದು ನ್ಯಾಯವೇ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದು ಅಪಾಯಕಾರಿ.

ಲಿಥಿಯಂ ಇದಕ್ಕೆ ನಿದರ್ಶನ. ಉನ್ಮಾದದ ಮೇಲೆ ಇದರ ಪರಿಣಾಮವನ್ನು ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸಬಹುದಾದ್ದರಿಂದ ಸಾಮಾನ್ಯವಾಗಿ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳ ಅವಧಿಯಲ್ಲಿ ಪ್ರಮಾಣ ಇಳಿಸುತ್ತಾರೆ. ಜತ್ತ ತಾಲ್ಲೂಕಿನ ಬೇಸಿಗೆಯಲ್ಲಿ ಹೊಲದ ಕೆಲಸದವರು ವಿಶೇಷ ಎಚ್ಚರ ವಹಿಸಬೇಕು. ಬೆವರಿ ದೇಹದ ನೀರು ಇಳಿದರೆ, ವಾಂತಿಭೇದಿಯಾದರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ನಡುಕ ಹೆಚ್ಚಿ, ನಡಿಗೆ ತೂರಾಡಿ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬದಲಿಗೆ ವಾಲ್‌ಪ್ರೊಯೇಟ್ ಸೂಚಿಸಿದರೆ, ಗರ್ಭ ಧರಿಸುವ ಸಾಧ್ಯತೆಯುಳ್ಳ ಹೆಣ್ಣುಮಕ್ಕಳು ಅದನ್ನು ಮೊದಲೇ ತಿಳಿಸಬೇಕು. ಗರ್ಭಸ್ಥ ಶಿಶುವಿಗೆ ಅದು ಹಾನಿಕರ.

ನಮ್ಮ ತೊಡಕು ಇನ್ನೊಂದಿದೆ: ಮನೆಯಲ್ಲಿ ಕನ್ನಡ, ದವಾಖಾನೆಯಲ್ಲಿ ಮರಾಠಿ, ಔಷಧ ಚೀಟಿಯಲ್ಲಿ ಇಂಗ್ಲಿಷ್. ಶಾಲೆಯ ಮಗುವನ್ನು ತಾಯಿಯ ಕಾಯಿಲೆಗೆ ದುಭಾಷಿಯಾಗಿ ನಿಲ್ಲಿಸುವುದು ಸರ್ವಥಾ ಸಲ್ಲದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 22ನೇ ಕಲಂ, ಕಾಯಿಲೆ ಹಾಗೂ ಚಿಕಿತ್ಸೆಯ ಮಾಹಿತಿಯನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಅದನ್ನು ಕೇಳಿ ಪಡೆಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಸಹಾಯವಾಣಿ ಟೆಲಿ ಮಾನಸ್ (14416) ಕನ್ನಡದಲ್ಲಿಯೂ ಲಭ್ಯ. ವೈದ್ಯರಲ್ಲಿಗೆ ಹೋಗುವಾಗ ಹಳೆಯ ಚೀಟಿಗಳನ್ನೂ ಮೂತ್ರಪಿಂಡ, ಥೈರಾಯ್ಡ್, ಲಿಥಿಯಂ ಮಟ್ಟದ ವರದಿಗಳನ್ನೂ ಜೊತೆಗೆ ಒಯ್ಯಿರಿ.