ಜಿಂಕೆ ಬೇಟೆಯ ಜೊತೆಗಾರ ಸಿವಂಗಿ

ಬೇಟೆಗೆ ಒಬ್ಬರೇ ಹೋಗುವವರು ಕಡಿಮೆ. ನೆಂಟನೋ ನಾಯಿಯೋ ಜೊತೆಗಿರಲೇಬೇಕು. ಆದರೆ ಬಯಲಿನಲ್ಲಿ ಕೃಷ್ಣಮೃಗವನ್ನು ಬೆನ್ನಟ್ಟಲು ಅರಸರು ಕರೆದೊಯ್ಯುತ್ತಿದ್ದ ಜೊತೆಗಾರನೇ ಬೇರೆ. ಅದು ಸಿವಂಗಿ. ಇಂದು ನಾವು ಚೀತಾ ಎನ್ನುವ ಪ್ರಾಣಿಗೆ ಕನ್ನಡದಲ್ಲಿದ್ದ ಹಳೆಯ ಹೆಸರಿದು. ಚಿರತೆ ಬೇರೆ, ಸಿವಂಗಿ ಬೇರೆ. ಚಿರತೆಯ ಮೈಮೇಲಿರುವುದು ಹೂವಿನಾಕಾರದ ಮಚ್ಚೆ; ಸಿವಂಗಿಗೆ ಬಿಡಿಬಿಡಿ ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಹರಿದಂತೆ ಕಪ್ಪು ಗೆರೆ.

ಸಿವಂಗಿಯಿಂದ ಬೇಟೆಯಾಡಿಸುವ ಪದ್ಧತಿಯ ಬಗ್ಗೆ ಭಾರತದಲ್ಲಿ ದೊರೆಯುವ ಅತಿ ಹಳೆಯ ದಾಖಲೆಗಳಲ್ಲಿ ಒಂದು ಕನ್ನಡ ನಾಡಿನದೇ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದರ ವರ್ಣನೆಯಿದೆ. ಮೊಗಲರ ಕಾಲದಲ್ಲಿ ಈ ಬೇಟೆ ದೊಡ್ಡ ರಾಜವಿನೋದವಾಯಿತು.

ಬೇಟೆಯ ದಿನ ಸಿವಂಗಿಯ ಕಣ್ಣಿಗೆ ಬಟ್ಟೆ ಕಟ್ಟಿ ಎತ್ತಿನ ಗಾಡಿಯಲ್ಲಿ ಕೂರಿಸುತ್ತಿದ್ದರು. ಹೊಲದಲ್ಲಿ ಓಡಾಡುವ ಗಾಡಿಗಳನ್ನು ಕಂಡು ರೂಢಿಯಾಗಿದ್ದ ಜಿಂಕೆಗಳು ಅದಕ್ಕೆ ಬೆದರುತ್ತಿರಲಿಲ್ಲ. ಹಿಂಡು ಹತ್ತಿರವಾದೊಡನೆ ಕಣ್ಣುಪಟ್ಟಿ ಬಿಚ್ಚುತ್ತಿದ್ದರು. ಸಿವಂಗಿಯ ಓಟ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದ್ದಾದರೂ ಅದಕ್ಕೆ ದಮ್ಮು ಕಡಿಮೆ. ಕೆಲವು ನೂರು ಗಜದೊಳಗೆ ಜಿಂಕೆ ಸಿಗದಿದ್ದರೆ ಅಲ್ಲಿಯೇ ಕುಳಿತುಬಿಡುತ್ತಿತ್ತು. ಸಿಕ್ಕರೆ ಗಂಟಲು ಹಿಡಿದು ಕೆಡಹುತ್ತಿತ್ತು. ಪಾಲಕ ಓಡಿಬಂದು, ಜಿಂಕೆಯ ರಕ್ತವನ್ನು ಮರದ ಸೌಟಿನಲ್ಲಿ ಅದಕ್ಕೆ ಕುಡಿಸಿ, ಮತ್ತೆ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದ.

ಈ ಗೆಳೆತನದಲ್ಲಿ ಒಂದು ದೋಷವಿತ್ತು. ತಾಯಿಯಿಂದ ಬೇಟೆ ಕಲಿಯದ ಮರಿ ಕೆಲಸಕ್ಕೆ ಬಾರದು. ಹೀಗಾಗಿ ಬೆಳೆದ ಸಿವಂಗಿಗಳನ್ನೇ ಕಾಡಿನಿಂದ ಹಿಡಿದು ಪಳಗಿಸಬೇಕಾಗುತ್ತಿತ್ತು. ಸೆರೆಯಲ್ಲಿ ಅವು ಮರಿ ಹಾಕುವುದಂತೂ ಅತಿ ವಿರಳ. ತಂದೆ ಅಕ್ಬರನ ಬಳಿ ಸಾವಿರ ಸಿವಂಗಿಗಳಿದ್ದರೂ ಅವು ಸಂತಾನ ಪಡೆಯಲಿಲ್ಲವೆಂದು ಬರೆದ ಜಹಾಂಗೀರ್, 1613ರಲ್ಲಿ ಒಂದು ಜೋಡಿಗೆ ಮೂರು ಮರಿಗಳಾದುದನ್ನು ಅಚ್ಚರಿಯಿಂದ ದಾಖಲಿಸಿದ್ದಾನೆ. ಸೆರೆಯಲ್ಲಿ ಮರಿಯಾದ ಮುಂದಿನ ದಾಖಲೆ ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದ್ದು, 1956ರಲ್ಲಿ! ಅಂದರೆ ಅರಮನೆ ಸೇರಿದ ಪ್ರತಿಯೊಂದು ಸಿವಂಗಿಯೂ ಕಾಡಿಗೆ ಆದ ನಷ್ಟವೇ.

ಹುಲ್ಲುಗಾವಲುಗಳು ಹೊಲಗಳಾದವು, ಬಂದೂಕು ಬಂತು. ಸಿವಂಗಿಗಳು ಎಷ್ಟು ಕಡಿಮೆಯಾದವೆಂದರೆ 20ನೇ ಶತಮಾನದಲ್ಲಿ ಕೊಲ್ಹಾಪುರದಂತಹ ಸಂಸ್ಥಾನಗಳು ಬೇಟೆಗಾಗಿ ಆಫ್ರಿಕದಿಂದ ಅವನ್ನು ತರಿಸಿಕೊಂಡವು. 1947ರಲ್ಲಿ ಈಗಿನ ಛತ್ತೀಸ್‌ಗಢದ ಕೊರಿಯಾದಲ್ಲಿ ಅಲ್ಲಿನ ಮಹಾರಾಜರು ಮೂರನ್ನು ಗುಂಡಿಟ್ಟು ಕೊಂದರು. 1952ರಲ್ಲಿ ಸಿವಂಗಿ ಭಾರತದಲ್ಲಿ ನಿರ್ನಾಮವಾಯಿತೆಂದು ಸರ್ಕಾರ ಘೋಷಿಸಿತು.

ಕೃಷ್ಣಮೃಗದ ಹಣೆಬರಹ ಮಾತ್ರ ಬೇರೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದರ ಬೇಟೆಯನ್ನು ನಿಷೇಧಿಸಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೊಂದು ಅಭಯಾರಣ್ಯವೂ ಆಯಿತು. 2022ರಲ್ಲಿ ನಮೀಬಿಯಾದಿಂದ ಎಂಟು ಸಿವಂಗಿಗಳನ್ನು ಮಧ್ಯಪ್ರದೇಶದ ಕುನೋ ಕಾಡಿಗೆ ತಂದು ಬಿಡಲಾಯಿತು. ಅವು ಆಫ್ರಿಕದ ತಳಿ. ಸೋಮೇಶ್ವರನ ಕಾಲದ ನಮ್ಮ ಸಿವಂಗಿಯ ಬಳಗ ಇಂದು ಇರಾನಿನಲ್ಲಿ ಮಾತ್ರ, ಬೆರಳೆಣಿಕೆಯಷ್ಟು ಉಳಿದಿದೆ. ಬೇಟೆಗೆ ಗುರಿಯಾಗಿದ್ದ ಜಿಂಕೆ ನಮ್ಮ ಹೊಲಗಳ ಅಂಚಿನಲ್ಲಿ ಈಗಲೂ ಮೇಯುತ್ತಿದೆ. ಗಾಡಿಯಲ್ಲಿ ಕೂರಿಸಿಕೊಂಡು ಹೋದ ಗೆಳೆಯನನ್ನೇ ನಾವು ಉಳಿಸಿಕೊಳ್ಳಲಿಲ್ಲ.