ಪರ್ಮಿಟ್ ಇದ್ದ ಕಳವು

ಭೂಗತ ಲೋಕದ ಮಾತು ಬಂದರೆ ಚಿತ್ರದುರ್ಗದವರು ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ. ಜಯರಾಜ್, ಕೊತ್ವಾಲ್ ರಾಮಚಂದ್ರ, ಆಯಿಲ್ ಕುಮಾರ್ ಎಲ್ಲರೂ ಮೆರೆದದ್ದು ಅಲ್ಲಿ. ವೀರಪ್ಪನ್ ಮಲೆ ಮಹದೇಶ್ವರ ಬೆಟ್ಟದ ಕಾಡಿನವನು, ಛಾಪಾ ಕಾಗದದ ತೆಲಗಿ ಖಾನಾಪುರದವನು. ನಮ್ಮಲ್ಲೇನಿದೆ, ಬರ, ಶೇಂಗಾ, ಈರುಳ್ಳಿ, ಒಂದಿಷ್ಟು ಅಡಿಕೆ ಎಂಬುದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಟ್ಟೆಗಳ ಮೇಲಿನ ಮಾತು. ಗುಂಡು ಹಾರಿದರಷ್ಟೇ ಅಪರಾಧ ಎನ್ನುವುದಾದರೆ ಈ ಮಾತಿಗೆ ಎದುರಾಡಲು ಬಾರದು. ಆದರೆ ಸಂಘಟಿತ ಅಪರಾಧಕ್ಕೆ ಗುಂಡು ಬೇಕೇಬೇಕು ಅಂತಿಲ್ಲ. ಸರ್ಕಾರಿ ದರಕ್ಕೂ ಪೇಟೆ ದರಕ್ಕೂ ದೊಡ್ಡ ಅಂತರವಿದ್ದು, ಆ ಅಂತರವನ್ನು ಹಂಚಿಕೊಳ್ಳುವ ಜನ ಒಟ್ಟುಗೂಡಿದರೆ ಸಾಕು. ಈ ಜಿಲ್ಲೆಯಲ್ಲಿ ಅದು ನಡೆದದ್ದು ಹೆಚ್ಚಾಗಿ ಪರ್ಮಿಟ್ಟಿನ ಮೇಲೆ.

ಹಳೆಯ ಅಧ್ಯಾಯವೊಂದನ್ನು ಮೊದಲು ಮುಗಿಸಿಬಿಡೋಣ. ‘ಗುಂಪು ಕಟ್ಟಿಕೊಂಡು ಅಪರಾಧ ಮಾಡುವವರು’ ಎಂಬ ಹಣೆಪಟ್ಟಿಯನ್ನು ಆಡಳಿತ ಮೊದಲು ಹಚ್ಚಿದ್ದು ತಪ್ಪು ಜನರಿಗೆ. 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಬಿದ್ದ ಮೇಲೆ ದುರ್ಗದ ಬೇಡ ಪಡೆ ಚದುರಿತು. ಮುಂದೆ ಬ್ರಿಟಿಷರು ಥಗ್ಗರ ಬೇಟೆಗೆ ಹೊರಟರು. 1839ರಲ್ಲಿ ಮೆಡೋಸ್ ಟೇಲರ್ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಜಾತಿಯನ್ನೇ ಅಪರಾಧವೆಂದು ಬರೆಯಿತು. 1911ರ ತಿದ್ದುಪಡಿ ಅದನ್ನು ಮದ್ರಾಸು ಪ್ರಾಂತಕ್ಕೂ ತಂದಿತು. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚ, ಕೊರಮ, ಲಂಬಾಣಿಗಳ ವ್ಯಾಪಾರವನ್ನು ಉಪ್ಪಿನ ತೆರಿಗೆ ಮತ್ತು ರೈಲು ನುಂಗಿದ್ದವು. ಹೊಟ್ಟೆಪಾಡು ಕಿತ್ತುಕೊಂಡವರೇ ಅವರನ್ನು ಹುಟ್ಟು ಕಳ್ಳರೆಂದು ಕರೆದರು. ಆ ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಹೊಳಲ್ಕೆರೆಯ ತಾಂಡಾಗಳಲ್ಲಿ ಕೇಳಿ ನೋಡಿ, ಊರಲ್ಲಿ ಕಳವಾದಾಗ ಅನುಮಾನದ ಕಣ್ಣು ಇವತ್ತೂ ಮೊದಲು ಎಲ್ಲಿಗೆ ತಿರುಗುತ್ತದೆಂದು.

ನಿಜವಾದ ಸಂಘಟಿತ ಕಳವು ಬಂದದ್ದು ಅದಿರಿನ ಜೊತೆ. ಭೀಮಸಮುದ್ರ, ಹಿರೇಗುಂಟನೂರು, ಹೊಳಲ್ಕೆರೆ, ಹೊಸದುರ್ಗ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಇರುವುದು ಹೊಸ ಸುದ್ದಿಯಲ್ಲ. ಆದರೆ ಬಳ್ಳಾರಿಯ ಅದಿರಿನ ಮುಂದೆ ನಮ್ಮದು ಕಡಿಮೆ ದರ್ಜೆ, ಕೇಳುವವರು ಕಡಿಮೆ. 2003ರ ಸುಮಾರಿಗೆ ಚೀನಾ ಕಬ್ಬಿಣಕ್ಕೆ ಬಾಯ್ತೆರೆದಾಗ ಲೆಕ್ಕ ತಲೆಕೆಳಗಾಯಿತು. ಬೇಡವೆಂದು ಗುಡ್ಡದ ಪಕ್ಕ ಸುರಿದಿದ್ದ ಪುಡಿಗೂ, ಲಾರಿಯವರ ಮಾತಿನಲ್ಲಿ ‘ಫೈನ್ಸ್’ಗೂ, ಬೆಲೆ ಬಂತು. ಹೊರದೇಶದಲ್ಲಿ ಟನ್ನಿಗೆ ಹಲವು ಸಾವಿರ ರೂಪಾಯಿ ತರುತ್ತಿದ್ದ ಅದಿರಿಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. ಬೆಲೆಯ ಶೇಕಡಾ 10ರಂತೆ ರಾಜಧನ ವಸೂಲಿ ಶುರುವಾದದ್ದು 2009ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಸುಗ್ಗಿಯ ಬಹುಪಾಲು ಮುಗಿದಿತ್ತು.

ದಂಧೆಯ ಒಳಸುಳಿ ನೋಡಿ. ಗಣಿ ಇಲಾಖೆ ಇಷ್ಟು ಟನ್ ಸಾಗಿಸಬಹುದೆಂದು ಪರ್ಮಿಟ್ ಕೊಡುತ್ತದೆ. ಪ್ರತಿ ಲಾರಿಗೂ ಒಂದು ಟ್ರಿಪ್ ಶೀಟ್. ಅದರಲ್ಲಿ ಗಾಡಿ ನಂಬರು, ತೂಕ, ಹೊರಟ ಹೊತ್ತು. ಶೀಟಿನಲ್ಲಿ ಹತ್ತು ಟನ್ ಬರೆದು ಇಪ್ಪತ್ತು ಹೇರಿದರೆ ಮೇಲಿನ ಹತ್ತು ಟನ್ ಯಾವ ಖಾತೆಯಲ್ಲೂ ಇಲ್ಲ. ಹೊತ್ತಿನ ಕಾಲಂ ಖಾಲಿ ಬಿಟ್ಟರೆ ಅದೇ ಶೀಟಿನಲ್ಲಿ ಇನ್ನೊಂದು ಟ್ರಿಪ್. ಗುತ್ತಿಗೆ ಒಬ್ಬನ ಹೆಸರಲ್ಲಿ, ಅಗೆಯುವವನು ‘ರೈಸಿಂಗ್ ಕಾಂಟ್ರಾಕ್ಟರ್’ ಎಂಬ ಇನ್ನೊಬ್ಬ. ತಪ್ಪು ಸಿಕ್ಕಿಬಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಬಳ್ಳಾರಿ ಕಡೆ ಇದು ಇನ್ನೂ ಮುಂದೆ ಹೋಗಿ, ಟನ್ನಿಗಿಷ್ಟು ಎಂದು ಹಣ ಕಟ್ಟಿದರೆ ಗಣಿಯಿಂದ ಬಂದರಿನವರೆಗೆ ಯಾರೂ ತಡೆಯದಂಥ ಏರ್ಪಾಡೇ ಹುಟ್ಟಿತು. ಲೋಕಾಯುಕ್ತ ವರದಿ ಅದನ್ನು ‘ಜೀರೋ ರಿಸ್ಕ್’ ಎಂಬ ಅದರದೇ ಹೆಸರಿನಿಂದ ದಾಖಲಿಸಿದೆ. ಪಾಳೇಗಾರಿಕೆ ಸತ್ತಿತೆಂದು ಯಾರು ಹೇಳಿದರೋ!

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರ ಡಿಸೆಂಬರ್‌ನಲ್ಲಿ, ಎರಡನೆಯದು 2011ರ ಜುಲೈ 27ರಂದು ಬಂತು. ಕಾಗದಗಳನ್ನು ಒಂದಕ್ಕೊಂದು ತಾಳೆ ಹಾಕಿ ಜಾಲ ಬಿಡಿಸಿದ್ದು ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ. 2006ರಿಂದ 2010ರವರೆಗೆ ಪರ್ಮಿಟ್ ಇಲ್ಲದೆ ರಾಜ್ಯದಿಂದ ರಫ್ತಾದ ಅದಿರು ಸುಮಾರು 2.98 ಕೋಟಿ ಟನ್, ಬೊಕ್ಕಸಕ್ಕೆ ನಷ್ಟ 16,085 ಕೋಟಿ ರೂಪಾಯಿ ಎಂದು ಲೆಕ್ಕ ಸಿಕ್ಕಿತು. ಇದು ಇಡೀ ರಾಜ್ಯದ ಲೆಕ್ಕ; ನಮ್ಮ ಜಿಲ್ಲೆಯ ಪಾಲು ಚಿಕ್ಕದು. ಹಾಗೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ತಿಂಗಳು ಕಳೆಯುವುದರೊಳಗೆ, ಆಗಸ್ಟ್ 26ರಂದು, ಚಿತ್ರದುರ್ಗ ಮತ್ತು ತುಮಕೂರಿಗೂ ಅದೇ ಆದೇಶ ಬಂತು. ಶಾಂತ ಜಿಲ್ಲೆ ಎಂಬ ಹೆಸರು ಕೋರ್ಟಿನಲ್ಲಿ ಕೆಲಸಕ್ಕೆ ಬರಲಿಲ್ಲ.

2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿತು. ಗಡಿ ಮೀರಿ ಗುತ್ತಿಗೆಯ ಶೇಕಡಾ 10ಕ್ಕಿಂತ ಹೆಚ್ಚು ಜಾಗ ಅಗೆದವು ‘ಸಿ’ಗೆ ಬಿದ್ದು ಗುತ್ತಿಗೆ ಕಳೆದುಕೊಂಡವು. ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಎಂದು ಮಿತಿ ಬಿತ್ತು. ಮಾರಾಟವೆಲ್ಲ ಇ-ಹರಾಜಿನಲ್ಲಿ. ನನ್ನ ಮಟ್ಟಿಗೆ, ಈ ಇಡೀ ಚರಿತ್ರೆಯಲ್ಲಿ ಅಪರಾಧದ ಬೇರಿಗೆ ಕೈ ಹಾಕಿದ ಕ್ರಮ ಇದೊಂದೇ, ಏಕೆಂದರೆ ಅದು ಮನುಷ್ಯರನ್ನು ಹಿಡಿಯುವುದಕ್ಕಿಂತ ಮೊದಲು ಸರ್ಕಾರಿ ದರಕ್ಕೂ ಪೇಟೆ ದರಕ್ಕೂ ಇದ್ದ ಆ ಅಂತರವನ್ನು ಮುಚ್ಚಿತು. ಮಿತಿ ಈಗ ಸಡಿಲವಾಗಿದೆ. 2022ರ ಮೇನಲ್ಲಿ ನೇರ ಮಾರಾಟಕ್ಕೆ, ರಫ್ತಿಗೆ ಅನುಮತಿ ಸಿಕ್ಕಿತು. ಆಗಸ್ಟ್‌ನಲ್ಲಿ ಎರಡು ಜಿಲ್ಲೆಗಳ ಮಿತಿ 150 ಲಕ್ಷ ಟನ್ನಿಗೆ ಏರಿತು.

ಮರಳಿನ ಕಥೆ ಇದರ ತಮ್ಮ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿ 1907ರಲ್ಲಿ ಮುಗಿಸಿದರು. 1933ರಲ್ಲಿ ಕೋಡಿ ಬಿದ್ದ ಆ ಕಟ್ಟೆಯ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಕಟ್ಟೆಯ ಕೆಳಗೆ ಹಿರಿಯೂರಿನ ಪಾತ್ರ ಬಹುತೇಕ ಒಣಗಿಯೇ ಇತ್ತು. ಒಣ ಹೊಳೆ ಎಂದರೆ ಟ್ರ್ಯಾಕ್ಟರ್ ಇಳಿಯಲು ರಸ್ತೆ ಇದ್ದಂತೆ. ಮೇಲೆ ಹೆದ್ದಾರಿ, ಅದರ ತುದಿಗೆ ಮನೆ ಕಟ್ಟಿ ದಣಿಯದ ಬೆಂಗಳೂರು. ರಾಜ್ಯ 2011ರಲ್ಲಿ ಹೊಸ ಮರಳು ನೀತಿ ತಂದಿತು. ಐದು ಹೆಕ್ಟೇರಿಗಿಂತ ಚಿಕ್ಕ ಜಾಗಕ್ಕೂ ಪರಿಸರ ಅನುಮತಿ ಬೇಕೆಂದು 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲೆ ಮರಳು ದುರ್ಲಭವಾದಷ್ಟೂ ರಾತ್ರಿಯ ಲೋಡಿನ ಬೆಲೆ ಏರಿತು. ಇಲ್ಲಿ ದೊಡ್ಡ ದಣಿ ಬೇಕಿಲ್ಲ. ಟ್ರ್ಯಾಕ್ಟರ್ ಸಾಲ ತೀರಿಸಬೇಕಾದ ಹುಡುಗ, ಹೊಳೆ ದಂಡೆಯ ಹೊಲದವ, ಮುಂದೆ ಬೈಕಿನಲ್ಲಿ ಹೋಗಿ ಫೋನು ಮಾಡುವವ, ಮಾಮೂಲಿ ಎತ್ತುವವ. ಎಲ್ಲರೂ ಒಂದೇ ಊರಿನವರಾದ ಮೇಲೆ ಸಾಕ್ಷಿ ಹೇಳುವವರು ಯಾರು? ಬೋರ್‌ವೆಲ್ ಬತ್ತಿದಾಗ ಅತ್ತವರಲ್ಲಿ ಅವರ ಮನೆಯವರೂ ಇದ್ದಾರೆ.

ಮೂರನೆಯ ದಂಧೆಗೆ ಪರ್ಮಿಟ್ಟೂ ಬೇಡ, ಗುಡ್ಡವೂ ಬೇಡ. ಓಸಿ, ಮಟ್ಕಾ ಚೀಟಿಗಳ ಕಾಲದಲ್ಲಿ ಬುಕ್ಕಿಯ ಮುಖವಾದರೂ ಕಾಣುತ್ತಿತ್ತು. ಈಗ ಅದು ಮೊಬೈಲಿನೊಳಗೆ ಹೊಕ್ಕಿದೆ. ಐಪಿಎಲ್ ಬೆಟ್ಟಿಂಗಿನಲ್ಲಿ ಗಂಡ ಮಾಡಿಕೊಂಡ ಸಾಲಕ್ಕಾಗಿ ಬಡ್ಡಿಯವರು ಕೊಟ್ಟ ಕಾಟಕ್ಕೆ 2024ರಲ್ಲಿ ಹೊಸದುರ್ಗದ ಗೃಹಿಣಿಯೊಬ್ಬರು ಪ್ರಾಣ ಬಿಟ್ಟ ಸುದ್ದಿ ದೇಶದ ಪತ್ರಿಕೆಗಳಲ್ಲಿ ಬಂತು. ಮರುವರ್ಷದ ಆಗಸ್ಟ್‌ನಲ್ಲಿ ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಜಾರಿ ನಿರ್ದೇಶನಾಲಯ ಚಿತ್ರದುರ್ಗದ ಶಾಸಕರನ್ನೇ ಬಂಧಿಸಿತು. ಅದು ಆರೋಪ, ತೀರ್ಮಾನ ಕೋರ್ಟಿನದು.

ಕಾನೂನಿಗೇನೂ ಬರವಿಲ್ಲ. ‘ಕೋಕಾ’ ಎಂದು ಕರೆಯುವ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧವನ್ನು ಪಟ್ಟಿ ಮಾಡುತ್ತದೆ: ಅಪಹರಣ, ಸುಲಿಗೆ, ವಾಹನ ಕಳವು, ಭೂಕಬಳಿಕೆ, ಸುಪಾರಿ ಕೊಲೆ, ಸೈಬರ್ ಅಪರಾಧ, ಹೀಗೆ. ಅಕ್ರಮ ಗಣಿಗಾರಿಕೆಯ ಹೆಸರು ಆ ಪಟ್ಟಿಯಲ್ಲಿಲ್ಲ.

ಇನ್ನೊಂದು ಕಡೆ ದುಡ್ಡಿದೆ. ಗಣಿ ಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿದ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ. ಬಳ್ಳಾರಿ, ವಿಜಯನಗರ, ತುಮಕೂರುಗಳ ಜೊತೆ ಚಿತ್ರದುರ್ಗಕ್ಕೂ ಅದರಲ್ಲಿ ಪಾಲಿದೆ. ಹೊಳಲ್ಕೆರೆ, ಹೊಸದುರ್ಗದ ಗಣಿ ಬಾಧಿತ ಹಳ್ಳಿಗಳ ಓದುಗರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನಿಮ್ಮೂರಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿ ಕೇಳಿ. ಬಾಯಿಮಾತಿಗೆ ಒಪ್ಪಬೇಡಿ, ಸಹಿ ಹಾಕಿದ ಪ್ರತಿಯನ್ನೇ ಪಡೆಯಿರಿ.