ಒಸಡಿಗೂ ಒಂದು ಚರಿತ್ರೆಯಿದೆ

ಹಬ್ಬ ಹತ್ತಿರವಾಯಿತೆಂದರೆ ಚೀಲ ಹಿಡಿದು ಬೇಗಂ ಬಜಾರಿಗೆ ಹೋಗದ ಕನ್ನಡ ಮನೆ ಹೈದರಾಬಾದಿನಲ್ಲಿ ಅಪರೂಪ. ಪಾತ್ರೆ, ಒಣಹಣ್ಣು, ಕಿರಾಣಿ ಸಾಮಾನಿನ ಜೊತೆಗೆ ಲವಂಗವನ್ನೂ ಪಟಿಕವನ್ನೂ ತಪ್ಪದೆ ಕಟ್ಟಿಸಿಕೊಳ್ಳುವ ಹಿರಿಯರು ನಮ್ಮಲ್ಲಿದ್ದಾರೆ. ಯಾಕೆಂದು ಕೇಳಿದರೆ, "ಹಲ್ಲು ಉದ್ದವಾಗಿ ಕಾಣುತ್ತಿವೆಯಪ್ಪಾ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತವೆ. ವಯಸ್ಸಾಯಿತಲ್ಲ!" ಎನ್ನುತ್ತಾರೆ. ನಿಜವಾಗಿ ಹಲ್ಲು ಉದ್ದವಾಗಿರುವುದಿಲ್ಲ. ಒಸಡು ಸರಿದು ಬೇರು ಹೊರಗೆ ಕಂಡಿರುತ್ತದೆ. ಇದನ್ನು ವಯಸ್ಸಿನ ಪಾಲಿಗೆ ಬಿಟ್ಟು ಸುಮ್ಮನಿರಬೇಕಾಗಿಲ್ಲ. ಸರಿದ ಒಸಡನ್ನು ಮತ್ತೆ ಮುಚ್ಚುವ ಶಸ್ತ್ರಚಿಕಿತ್ಸೆಗಳಿವೆ. ಅವುಗಳ ಹಿಂದಿರುವ ವಿದ್ಯೆ ನಮ್ಮ ನಾಡಿನಲ್ಲಿ ಬಹು ಹಳೆಯದು.

ಸುಶ್ರುತ ಸಂಹಿತೆಯಲ್ಲಿ ಬಾಯಿಯ 65 ರೋಗಗಳ ಎಣಿಕೆಯಿದೆ. ಅವುಗಳಲ್ಲಿ 15 ಹಲ್ಲಿನ ಬುಡಕ್ಕೆ, ಅಂದರೆ ಒಸಡಿಗೆ ಸೇರಿದವು. ಹಲ್ಲಿಗೆ ಅಂಟಿದ ಕಿಟ್ಟವನ್ನು ಕೆರೆದು ತೆಗೆಯಲು 'ದಂತಶಂಕು' ಎಂಬ ಸಾಧನವನ್ನು ಹೇಳಿ, ಒಸಡಿಗೆ ನೋವಾಗದಂತೆ ಆ ಕೆಲಸ ನಡೆಯಬೇಕೆಂದು ಗ್ರಂಥಕಾರ ಎಚ್ಚರಿಸುತ್ತಾನೆ. ಕಡಿದುಹೋದ ಮೂಗನ್ನು ಪಕ್ಕದ ಚರ್ಮದಿಂದ ಕಟ್ಟುವ ವಿಧಾನವೂ ಅದೇ ಗ್ರಂಥದಲ್ಲಿದೆ.

ಇಲ್ಲಿ ನಮ್ಮ ಬಜಾರಿನ ಕಾಲದ ಒಂದು ಪ್ರಸಂಗವನ್ನು ನೆನೆಯಬೇಕು. ಬೇಗಂ ಬಜಾರಿನ ನೆಲವನ್ನು ವರ್ತಕರಿಗೆ ಕೊಟ್ಟವರು ಎರಡನೆಯ ಅಸಫ್ ಜಾ ನಿಜಾಮ್ ಅಲಿ ಖಾನರ ಪತ್ನಿ ಹಮ್ದಾ ಬೇಗಂ. ಅದೇ ನಿಜಾಮರು ಇಂಗ್ಲಿಷರು ಮತ್ತು ಮರಾಠರ ಜೊತೆಗೂಡಿ 1790ರಿಂದ 1792ರವರೆಗೆ ಟಿಪ್ಪು ಸುಲ್ತಾನರ ವಿರುದ್ಧ ಯುದ್ಧ ಹೂಡಿದ್ದರು. ಆ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿಯ ಕಾವಸ್‌ಜಿ ಎಂಬಾತ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಮುಂದೆ ಪುಣೆಯ ಕಡೆ ದೇಶೀ ಶಸ್ತ್ರವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಈ ಸಂಗತಿಯನ್ನು ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ.

ಇದರ ಗುಟ್ಟು ಇಷ್ಟೇ: ಎತ್ತಿದ ಚರ್ಮದ ಒಂದು ಅಂಚನ್ನು ಕಡಿಯದೆ ಉಳಿಸಬೇಕು. ಅಲ್ಲಿಂದ ರಕ್ತ ಹರಿಯುತ್ತಿದ್ದರೆ ಚರ್ಮ ಹೊಸ ಜಾಗದಲ್ಲಿ ಜೀವ ಹಿಡಿಯುತ್ತದೆ.

ಇದೇ ತತ್ತ್ವ ಇಪ್ಪತ್ತನೆಯ ಶತಮಾನದಲ್ಲಿ ಒಸಡಿಗೂ ಬಂತು. 1956ರಲ್ಲಿ ಅಮೆರಿಕದ ಗ್ರೂಪ್ ಮತ್ತು ವಾರೆನ್ ಎಂಬವರು ಪಕ್ಕದ ಹಲ್ಲಿನ ಒಸಡನ್ನು ಬುಡ ಕಡಿಯದೆ ಸರಿಸಿ, ಬರಿದಾದ ಬೇರನ್ನು ಮುಚ್ಚುವ ಕ್ರಮವನ್ನು ವಿವರಿಸಿದರು. 1968ರಲ್ಲಿ ಸಲಿವನ್ ಮತ್ತು ಅಟ್ಕಿನ್ಸ್, ಅಂಗುಳಿನಿಂದ ತೆಳುವಾದ ತುಂಡನ್ನು ಬಿಡಿಸಿ ತಂದು ಕಸಿ ಮಾಡುವ ರೀತಿಯನ್ನು ಬರೆದರು. ಇದರಲ್ಲಿ ತೇಪೆಯ ಬಣ್ಣ ಬೇರೆಯಾಗಿ ಕಾಣುವುದುಂಟು. 1985ರಲ್ಲಿ ಲ್ಯಾಂಗರ್ ದಂಪತಿಗಳು ಅಂಗುಳಿನ ಒಳಪದರವನ್ನಷ್ಟೇ ತೆಗೆದು ಒಸಡಿನ ಕೆಳಗೆ ಇಡುವ ಕ್ರಮವನ್ನು ಪ್ರಕಟಿಸಿದರು. ಇದರಿಂದ ಬಣ್ಣ ಹೊಂದುತ್ತದೆ, ಅಂಗುಳಿನ ಗಾಯವೂ ಬೇಗ ಮಾಯುತ್ತದೆ. ಇರುವ ಒಸಡನ್ನೇ ಬಿಡಿಸಿ, ಹಲ್ಲಿನ ತುದಿಯ ಕಡೆಗೆ ಎಳೆದು ಹೊಲಿಯುವುದೂ ರೂಢಿಯಲ್ಲಿದೆ. ಹಲವು ಸಲ ಇದರ ಜೊತೆಗೇ ಒಳಪದರದ ಕಸಿಯನ್ನೂ ಮಾಡುತ್ತಾರೆ. ಸಾಮಾನ್ಯವಾಗಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟೇ ಈ ಕೆಲಸ ಮುಗಿಯುತ್ತದೆ.

ಎಲ್ಲರಿಗೂ ಒಂದೇ ಫಲ ಸಿಗದು. 1985ರಲ್ಲೇ ಮಿಲ್ಲರ್ ಎಂಬ ವೈದ್ಯರು ಇದನ್ನು ನಾಲ್ಕು ವರ್ಗಗಳಾಗಿ ತೋರಿಸಿದರು. ಹಲ್ಲುಗಳ ನಡುವಿನ ಎಲುಬು ಗಟ್ಟಿಯಾಗಿದ್ದರೆ ಬೇರು ಪೂರ್ತಿ ಮುಚ್ಚುವ ಆಸೆಯಿಟ್ಟುಕೊಳ್ಳಬಹುದು. ಎಲುಬೇ ಕರಗಿದ್ದರೆ ಸ್ವಲ್ಪ ಮಾತ್ರ ಮುಚ್ಚೀತು, ಇಲ್ಲವೆ ಅದೂ ಇಲ್ಲ. ತಡಮಾಡಬಾರದೆನ್ನುವುದು ಇದಕ್ಕೇ.

ಹಾಗೆಂದು ಮೊದಲ ದಿನವೇ ಕತ್ತರಿಯಲ್ಲ. ಮೊದಲು ಕಿಟ್ಟ ತೆಗೆಸಬೇಕು, ಹೊಗೆಸೊಪ್ಪು ಬಿಡಬೇಕು, ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ಉಜ್ಜಬೇಕು. ಕಾರಣ ಉಳಿದರೆ ಹೊಲಿದ ಒಸಡೂ ಮತ್ತೆ ಸರಿಯುತ್ತದೆ. ಲವಂಗ ನೋವನ್ನು ಕೊಂಚ ತಣಿಸೀತು, ಸರಿದ ಒಸಡನ್ನು ಮರಳಿ ತಾರದು.

ಬೇಗಂ ಬಜಾರಿಗೆ ಹತ್ತಿರದ ಅಫ್ಜಲ್‌ಗಂಜಿನಲ್ಲೇ, ಉಸ್ಮಾನಿಯಾ ಆಸ್ಪತ್ರೆಯ ಬಳಿ, ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಮುಂದಿನ ಹಬ್ಬದ ಸಂತೆಗೆ ಹೊರಡುವಾಗ ಮನೆಯ ಹಿರಿಯರನ್ನು ಒಮ್ಮೆ ಅಲ್ಲಿಗೋ, ಪರಿಚಯದ ದಂತವೈದ್ಯರಲ್ಲಿಗೋ ಕರೆದುಕೊಂಡು ಹೋಗಿ ತೋರಿಸಿ ಬನ್ನಿ.